ಬಂಡೆಯ ಜೊತೆ ಪಂದ್ಯ

ಬಂಡೆಗೆ ಡೀಸೆಲ್ ಬೇಡ ಅಂದಳು ಇಯಾ ಮುಸಿಲಿಯು,
ಮೊದಲ ದಿನವೇ, ನಾವಿನ್ನೂ ತಗಡು ಕತ್ತರಿಸಿರಲಿಲ್ಲ,
ಒಯೆಲಾಮಿ ಮೇಷ್ಟ್ರ ನಕ್ಷೆಯ ಮೇಲೆ
ಚಹಾ ಲೋಟದ ಉಂಗುರ ಇನ್ನೂ ಆರಿರಲಿಲ್ಲ.

ಅಬೆಯೊಕುಟಾ ದಾಟಿದರೆ ಅವಳ ಊರು,
ಊರಿನ ಬೆನ್ನಿಗೆ ನಾಲ್ಕು ಎಕರೆ ಬೆತ್ತಲೆ ಕಲ್ಲು.
ನೆನೆದು ಹುಳಿತ ಮರಗೆಣಸನ್ನು
ಹಿಂಡಿ, ಪುಡಿಮಾಡಿ, ಅದರ ಮೇಲೆ ಹರವಿದರೆ
ಎರಡು ದಿನಕ್ಕೆ ಲಾಫುನ್.
ಜೊತೆಗೆ ಒಂದಿಷ್ಟು ಮರಳು, ಆಡಿನ ಹಿಕ್ಕೆ,
ಯಾರದೋ ಮಗುವಿನ ಐದು ಬೆರಳು.

ನಾನು ಬೆಸುಗೆಯವಳು, ಮೊರೊಲಾಯೊ.
ಇಪ್ಪತ್ತಾರು ಅಡಿ ಕೊಳವೆ, ಒಂದು ಫ್ಯಾನು, ಒಂದು ಒಲೆ,
ತುದಿಯಲ್ಲಿ ಗಾಳಿಯನ್ನು ಗಿರಗಿರ ತಿರುಗಿಸಿ
ಹಿಟ್ಟನ್ನು ಕೆಳಗಿಳಿಸುವ ಒಂದು ದೊಡ್ಡ ಆಲಿಕೆ.
ಹಸಿ ಪುಡಿ ಒಳಗೆ ಹೋಗಿ ಒಣಗಿ ಹೊರಬರಲು
ಬೇಕಾದದ್ದು ಎರಡೇ ಉಸಿರಂತೆ.
ಬಂಡೆಯ ಎರಡು ದಿನಕ್ಕೆ ನಮ್ಮ ಎರಡು ಉಸಿರು.
ಕಾಗದದ ಮೇಲೆ ಗೆದ್ದಾಗಿತ್ತು.

ಮೂರನೆಯ ಪರೀಕ್ಷೆ: ಗಾಳಿ ಹೆಚ್ಚಾಯಿತು.
ಚೀಲಕ್ಕೆ ಬೀಳಬೇಕಾದ ಹಿಟ್ಟು
ಮೇಲಿನ ಬಾಯಿಂದ ಹಾರಿ
ಪಕ್ಕದ ಅಂಗಡಿಯ ಟೈರುಗಳೆಲ್ಲ
ಒಂದೇ ಮಧ್ಯಾಹ್ನದಲ್ಲಿ ಅಜ್ಜಂದಿರಾದವು.

ಆರನೆಯದು: ಗಾಳಿ ತಗ್ಗಿಸಿದೆವು.
ಕೊಳವೆ ಬಾಗುವಲ್ಲಿ ಗಂಟಲು ಕಟ್ಟಿತು.
ಪುಸ್ತಕದಲ್ಲಿ ಬರೆದದ್ದು: ಕಾರಣ ತಿಳಿದಿಲ್ಲ.
ನನಗೆ ತಿಳಿದಿತ್ತು.
ನನ್ನ ಬೆಸುಗೆಯ ಒಳಮೈಯಲ್ಲಿ
ಅಕ್ಕಿಕಾಳಿನಷ್ಟು ಕಬ್ಬಿಣದ ಹನಿ ಉಳಿದು
ಹೋಗಿಬರುವ ಪುಡಿಯನ್ನೆಲ್ಲ ತಡೆದು ಮಾತಾಡಿಸುತ್ತಿತ್ತು.
ರಾತ್ರಿ ಒಬ್ಬಳೇ ಕೊಳವೆ ಕಳಚಿ ಉಜ್ಜಿದೆ.
ಬೆಳಿಗ್ಗೆ ಮೇಷ್ಟ್ರು ಏಳನೆಯದು ಸಲೀಸಾಗಿ ಓಡಿದ್ದನ್ನು
ಹವೆಯ ಲೆಕ್ಕಕ್ಕೆ ಹಾಕಿದರು.
ಹಾಕಲಿ ಬಿಡು ಅಂತ ಸುಮ್ಮನಿದ್ದೆ.

ಒಂಬತ್ತಕ್ಕೆ ಮೀಟರು ಹನ್ನೊಂದು ತೋರಿಸಿತು, ತೇವಾಂಶ ಹನ್ನೊಂದು!
ನಮಗೆ ಒಣ ಜಂಬ.
ಹುಡುಗರು ಸೋಡಾ ತಂದರು.
ಮಾದರಿಯ ಬಾಟಲಿಯನ್ನು ನಾನು ಬಿಸಿಲ ಕಿಟಕಿಯಲ್ಲಿ ಮರೆತೆ.
ಸಂಜೆ ನೋಡಿದರೆ ಗಾಜಿನ ಒಳಗೆಲ್ಲ ಬೆವರು.
ಮೇಲೆ ಒಣಗಿದ ಉಂಡೆಗಳು
ಹೊಟ್ಟೆಯೊಳಗೆ ನೀರು ಬಚ್ಚಿಟ್ಟುಕೊಂಡಿದ್ದವು.
ಹನ್ನೊಂದು ಅನ್ನುವುದು ಹಸಿ ಸುಳ್ಳು.
ಒಂದು ಜರಡಿ ಬೇಕಿತ್ತು, ಅಷ್ಟೇ.
ಮುನ್ನೂರು ಲೀಟರ್ ಡೀಸೆಲ್ ಸುಟ್ಟ ಮೇಲೆ
ನೆನಪಾದದ್ದು ಒಂದು ಜರಡಿ.

ಆಮೇಲೆ ಡೀಸೆಲ್ಲಿನ ಬೆಲೆ ಏರಿತು, ಮೇಷ್ಟ್ರು ಇಳಿದರು.
ಒಲೆ ಬದಲಾಯಿಸಿದೆವು, ತಾಳೆಬೀಜದ ಚಿಪ್ಪಿಗೆ.
ಅಳೆದೂ ಸುರಿದೂ, ಸುರಿದೂ ಅಳೆದೂ
ಹದಿನಾಲ್ಕನೆಯದರಲ್ಲಿ
ಚೀಲ ತುಂಬಿತು, ಬಾಟಲಿ ಬೆವರಲಿಲ್ಲ.
ಯಾರೂ ಸೋಡಾ ತರಲಿಲ್ಲ.
ಎರಡು ದಿನ ಕಿಟಕಿಯನ್ನೇ ನೋಡುತ್ತ ಕೂತೆವು.

ಜೂನಿನಲ್ಲಿ ಮಳೆ ಹಿಡಿದಾಗ
ತಾಡಪಾಲಿನಡಿ ಏಳು ಚೀಲ ಹಿಂಡಿದ ಹಿಟ್ಟು ಹೇರಿಕೊಂಡು
ಇಯಾ ಮುಸಿಲಿಯು ಬಂದಿಳಿದಳು.
ಬಂಡೆಯ ಸುದ್ದಿ ಎತ್ತಲಿಲ್ಲ.
ಏಳಕ್ಕೆ ಆರರ ಬಾಡಿಗೆ ಕೊಡುತ್ತೇನೆ ಅಂದಳು.
ಹಿಟ್ಟು ಬೆರಳ ನಡುವೆ ಉಜ್ಜಿ, ಮೂಸಿ,
ಬೆಳ್ಳಗಿದೆ, ಅಂದಳು,
ದೂರು ಹೇಳುವ ದನಿಯಲ್ಲಿ.
ಆರೂವರೆಗೆ ಒಪ್ಪಿದೆವು.

ಈಗ ಡಿಸೆಂಬರ್. ಹರ್ಮಟಾನ್ ಬೀಸುತ್ತಿದೆ,
ತುಟಿ ಒಡೆಯುವ ಗಾಳಿ, ಬಿಟ್ಟಿ ಗಾಳಿ.
ಯಂತ್ರಕ್ಕೆ ಹೊದಿಕೆ ಹೊದಿಸಿದ್ದೇವೆ.
ಭಾನುವಾರ ಬಂಡೆ ಹತ್ತಿದೆ.
ಕಣ್ಣು ಹಾಯುವಷ್ಟೂ ಬಿಳಿ ಹಾಸು,
ಅಂಚಿನಲ್ಲಿ ಪೊರಕೆ ಹಿಡಿದ ಇಯಾ.
ನನ್ನನ್ನು ಕಂಡು ಅವಳು ಸಂಕೋಚಪಡಲಿಲ್ಲ,
ಯಾಕೆ ಪಡಬೇಕು?
ಚಪ್ಪಲಿ ಬಿಟ್ಟು, ಕಲ್ಲಿಗೆ ಥರ್ಮಾಮೀಟರ್ ಒತ್ತಿ ಹಿಡಿದು
ಪುಸ್ತಕದ ಕೊನೆಯ ಪುಟದಲ್ಲಿ ಬರೆದೆ:

ಹದಿನೈದನೆಯ ಪರೀಕ್ಷೆ.
ಉಷ್ಣಾಂಶ: ಐವತ್ತೊಂದು.
ಇಂಧನ: ಇಲ್ಲ.
ಗಾಳಿ: ಈಶಾನ್ಯದಿಂದ.
ನಷ್ಟ: ನಾವು ಮಾತಾಡುತ್ತ ನಿಂತಾಗ
ಎರಡು ಆಡು ತಿಂದಷ್ಟು.