ಚಿಂತಾಮಣಿಯಲ್ಲಿ ಒಂದು ಕ್ರಿಯಾಪದ

ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ.
ಕೆಳಗೆ ಆಧಾರ್ ಕಾರ್ಡುಗಳು ಬಿಸಿಬಿಸಿ ಹೊರಬೀಳುವ ಸದ್ದು,
ಮೇಲೆ ನಾನು, ಸುದ್ದಿಗೆ ತಲೆ ಕಟ್ಟುವವಳು.
ಮೈಯನ್ನು ಬೇರೆಯವರು ಬರೆದಿರುತ್ತಾರೆ;
ತಲೆ ಮಾತ್ರ ನನ್ನದು, ಒಂಬತ್ತು ಪದ ಮೀರುವಂತಿಲ್ಲ.

ಬೆಳಿಗ್ಗೆ ಆರೂ ಹತ್ತಕ್ಕೆ ಫಯಾಜ್ ಫೋಟೋ ಕಳಿಸಿದ.
ಕೆರೆಯಂಚಿನಲ್ಲಿ ಬೆಳ್ಳಿ ಹೊಟ್ಟೆಗಳು, ಸಾಲು ಸಾಲು,
ಮದುವೆ ಮನೆಯ ಹೊರಗೆ ಬಿಟ್ಟ ಚಪ್ಪಲಿಗಳ ಹಾಗೆ.
ಬರೆದೆ: ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತವು.

ಏಳೂವರೆಗೆ ಯಜಮಾನರ ಫೋನು:
"ಯಾರಮ್ಮ ಎಣಿಸಿದ್ದು ಸಾವಿರಾರು?"
ಯಾರೂ ಎಣಿಸಿರಲಿಲ್ಲ. ಅದು ನಿಜ. ತೆಗೆದೆ.
ಒಂಬತ್ತಕ್ಕೆ: "ಸತ್ತವು ಅನ್ನೋಕೆ ವರದಿ ಬಂದಿದೆಯಾ?"
ಸಾಯಲು ವರದಿ ಬೇಕೆಂದು
ಮೀನಿಗೆ ಯಾರು ಹೇಳಬೇಕಿತ್ತು!
ತೇಲಿದವು, ಎಂದು ತಿದ್ದಿದೆ.
ಮಧ್ಯಾಹ್ನ, ಬಣ್ಣದ ಕಾರ್ಖಾನೆಯ ಜಾಹೀರಾತು
ಸುದ್ದಿಯ ಪಕ್ಕದಲ್ಲೇ ಬಂದು ಕೂತಾಗ
ಯಾರೂ ಫೋನು ಮಾಡಲಿಲ್ಲ.
ನಾನೇ, ಯಾರೂ ಕೇಳದೆಯೇ,
ಕಂಡುಬಂದವು ಎಂದು ಬರೆದೆ.

ಸುಳ್ಳಲ್ಲ. ಒಂದೂ ಸುಳ್ಳಲ್ಲ.
ಸತ್ತದ್ದು ತೇಲುತ್ತದೆ, ತೇಲಿದ್ದು ಕಾಣುತ್ತದೆ.
ಅಜ್ಜಿ ಸೊಣ್ಣಮ್ಮ ಮಜ್ಜಿಗೆಗೆ ನೀರು ಬೆರೆಸುತ್ತಿದ್ದಳು ಹೀಗೇ,
ಒಂದೊಂದೇ ಲೋಟ.
ಯಾವ ಲೋಟಕ್ಕೆ ಮಜ್ಜಿಗೆ ನೀರಾಯಿತು ಎಂದು
ಮನೆಯಲ್ಲಿ ಯಾರೂ ಹೇಳಲಾರರು.

ತಿದ್ದಿದರೆ ಹಳೆಯದು ಹೋಗುವುದೆಂದುಕೊಂಡಿದ್ದೆ.
ಹೋಗಿರಲಿಲ್ಲ; ಯಾರೋ ಯಾರಿಗೋ ಆಗಲೇ ದಾಟಿಸಿದ್ದರು.
ಮೂರು ತಲೆಗಳೂ ಊರಲ್ಲಿ ಓಡಾಡತೊಡಗಿದವು.

ಜೋಡಿರಸ್ತೆಯ ಮುಬೀನಾ, ಮಗನ ವಾಂತಿಗೆ ಮದ್ದು ಹುಡುಕಿದ್ದವಳು,
ಅವಳ ಫೋನಿಗೆ ಬೆಳಗಿನದೇ ಬಂತು. ಅದರ ಹಿಂದೆಯೇ
ವಿಷದ ನೀರು, ಮಕ್ಕಳ ಹೊಟ್ಟೆ, ಎಲ್ಲಿಯದೋ ಊರಿನ ಆಸ್ಪತ್ರೆ,
ಸರದಿಯಲ್ಲಿ ನಿಂತು ಬಂದವು.
ಮೂರು ದಿನ ಕಾದು ಹಿಡಿದ ನೀರನ್ನು
ಕೊಡ ಕೊಡವೇ ಮೋರಿಗೆ ಸುರಿದಳು.
ಸೈಟಿನ ದಲ್ಲಾಳಿ ಚೌಡರೆಡ್ಡಿಗೆ ಕೆರೆ ಎಂದರೆ
ಅಳತೆ, ಖಾತೆ, ಪೂರ್ವ ದಿಕ್ಕಿನ ಬಾಗಿಲು. ಮೀನಿನ ಸುಳಿವೇ ಇಲ್ಲ.
ಗಾರೆ ಕೆಲಸದ ಪಿಳ್ಳಾಂಜಿನಪ್ಪ
ಭಾನುವಾರವಷ್ಟೇ ಮೀನಿನ ಪುಲುಸು ಮಾಡುವ ವಿಡಿಯೋ ನೋಡಿದ್ದ,
ಎರಡೆರಡು ಸಲ.
ಅವನಿಗೆ ಸಂಜೆ ಸಿಕ್ಕಿತು ನನ್ನ ಮೂರನೆಯ ತಲೆ:
ಕೆರೆಯಲ್ಲಿ ಮೀನುಗಳು ಕಂಡುಬಂದವು.

ಬಯಸಿದ್ದು ಕೊಡುವ ಕಲ್ಲಿಗೆ ಚಿಂತಾಮಣಿ ಎಂದು ಹೆಸರು.
ನಮ್ಮೂರಿಗೂ ಅದೇ ಹೆಸರು; ಬಸ್ಸಿನ ಹಣೆಯ ಮೇಲೇ ಬರೆದಿದೆ.
ಇಷ್ಟು ವರ್ಷ ಈ ಬಂಡೆಗಳು
ಯಾರಿಗೂ ಏನೂ ಕೊಟ್ಟದ್ದು ಕಾಣೆ.
ಈಗ ಎಲ್ಲರ ಜೇಬಿನಲ್ಲೂ ಒಂದೊಂದು ಮಣಿ.
ಭಯಪಟ್ಟವಳಿಗೆ ಭಯ, ಹಸಿದವನಿಗೆ ಮೀನು.
ಬಯಸದೆ ಇದ್ದುದನ್ನು ಕೊಡುವ ಕಲ್ಲು
ಯಾವ ಬೆಟ್ಟದಲ್ಲಿದೆಯೋ.

ದೀಪ ಹತ್ತುವ ಹೊತ್ತಿಗೆ ನಾನೂ ಹುಡುಕಿದೆ: ಕೆರೆ.
ಅದು ನನ್ನನ್ನು ಚೆನ್ನಾಗಿ ಬಲ್ಲದು.
ಮೊದಲ ಸಾಲಿನಲ್ಲೇ ಸಮಾನಾರ್ಥಗಳು:
ತಟಾಕ, ಸರೋವರ, ಕಾಸಾರ.

ಚಪ್ಪಲಿ ಮೆಟ್ಟಿ ಹೊರಟೆ.
ಚೇಳೂರು ರಸ್ತೆ ತಿರುಗುವ ಮುಂಚೆಯೇ ವಾಸನೆ.
ಹೆಸರು ಕೇಳಲಿಲ್ಲ,
ನಿನ್ನೆ ಏನು ನೋಡಿದ್ದೆ ಎಂದು ಕೇಳಲಿಲ್ಲ,
ಮುಂದಿದ್ದ ಆಟೋದವನಿಗೆ ಎಷ್ಟೋ ನನಗೂ ಅಷ್ಟೇ,
ದುಪಟ್ಟಾ ಒತ್ತಿ ಹಿಡಿದರೂ ಮೂಗಿಗೆ ಹೊಡೆಯಿತು.

ಏರಿಯ ಮೇಲೆ ಪಿಳ್ಳಾಂಜಿನಪ್ಪ,
ಕೈಯಲ್ಲಿ ಸಿಮೆಂಟಿನ ಖಾಲಿ ಚೀಲ, ಒಗೆದು ಮಡಚಿದ್ದು.
"ಏನಕ್ಕಾ, ತಿನ್ನಬೋದಾ ಇವು?"

ಬಾಯಿಗೆ ಮೊದಲು ಬಂದದ್ದು
ಮೂರನೆಯ ಕ್ರಿಯಾಪದ. ನುಂಗಿದೆ.
"ಸತ್ತಿವೆ ಅಣ್ಣ," ಎಂದೆ.

ಅವನು ಫೋನು ತೆಗೆದ,
ಒದ್ದೆ ಬೆರಳನ್ನು ಲುಂಗಿಗೆ ಒರೆಸಿಕೊಂಡು
ನನ್ನದೇ ಸಾಲನ್ನು ನನ್ನ ಮುಖಕ್ಕೆ ಹಿಡಿದ:
"ಇದ್ರಾಗೆ ಹಂಗಿಲ್ವಲ್ಲ?"