ಉಳಿಸಿಕೊಳ್ಳುವ ವಿಭಾಗ

ನಮ್ಮದು ಮಾರುವ ವಿಭಾಗವಲ್ಲ.
ಮಾರುವವರು ಮೇಲಿನ ಮಹಡಿಯಲ್ಲಿ, ಕಿಟಕಿಯ ಪಕ್ಕ.
ಮೊದಲ ತಿಂಗಳಿಗೆ ಒಂದೇ ಕ್ರೋನ ಎಂದು
ಊರೂರಿಗೆ ಗಾಳ ಇಳಿಬಿಡುತ್ತಾರೆ.
ಗಾಳ ಉಗುಳಿ ಹೊರಟವರನ್ನು
ಮಾತಾಡಿಸುವುದು ನಮ್ಮ ಕೆಲಸ.
ಟ್ರೊಮ್ಸೊ, ನವೆಂಬರ್ ಕೊನೆ, ಮಧ್ಯಾಹ್ನ ಎರಡಕ್ಕೇ ಕತ್ತಲು.
ಹೆಡ್‌ಫೋನಿನ ಸ್ಪಂಜಿಗೆ ಹಿಂದಿನ ಪಾಳಿಯವನ ಕಿವಿಯ ವಾಸನೆ.

ಬಿಟ್ಟುಹೋಗಲು ನಮ್ಮಲ್ಲಿರುವ ಕಾರಣ ಆರೇ ಆರು.
ದುಬಾರಿ. ಪುರುಸೊತ್ತಿಲ್ಲ. ಊರು ಬದಲಾಯಿತು.
ಪಾಸ್‌ವರ್ಡಿನ ಕಾಟ. ಪತ್ರಿಕೆಯ ರಾಜಕೀಯ.
ಆರನೆಯದು, ಇತರೆ.
ದುಬಾರಿ ಅಂದವರಿಗೆ ಮೂರು ತಿಂಗಳು ಅರ್ಧ ಬೆಲೆ,
ರಾಜಕೀಯ ಅಂದವರಿಗೆ ಐದು ನಿಮಿಷ ಬರೀ ಹೂಂ.
ಇತರೆಗೆ ಮದ್ದು ಬರೆದಿಟ್ಟಿಲ್ಲ.

ಬೋರ್ಗ್‌ಹಿಲ್ಡ್ ಅಜ್ಜಿ, ವಾರ್ಡೊ, ತೊಂಬತ್ತೊಂದು.
'ನಿಲ್ಲಿಸಿಬಿಡಪ್ಪ' ಎಂದಳು, ಹಾಲಿನವನಿಗೆ ಹೇಳುವ ಹಾಗೆ.
ಅವಳು ಓದಿದ್ದೆಲ್ಲ ನನ್ನ ಪರದೆಯ ಮೇಲಿತ್ತು,
ನಾಲ್ಕು ವರ್ಷದ್ದು:
ನಿಧನ, ನಿಧನ, ಹವಾಮಾನ, ನಿಧನ.
ಮೀನಿನ ದರ ಒಮ್ಮೆ. ಚುನಾವಣೆ ಇಲ್ಲವೇ ಇಲ್ಲ.
ಹೋದ ಮಾರ್ಚಿನಲ್ಲಿ, ಬೆಳಗಿನ ಜಾವ ಮೂರಕ್ಕೆ,
ಎಡ್ವಿನ್ ಎಂಬೊಬ್ಬರ ನಾಲ್ಕು ಸಾಲನ್ನು
ಹನ್ನೊಂದು ಸಲ ತೆರೆದಿದ್ದಳು.
ಖಾತೆ ಗಂಡನ ಹೆಸರಿನಲ್ಲಿದೆ. ಆ ಹೆಸರು ಬೇರೆ.
ನಾನಿದನ್ನು ನೋಡಬಾರದು;
ನೋಡುವುದಕ್ಕೇ ಸಂಬಳ.

ಕಾರಣ ಕೇಳಬಹುದೇ ಎಂದೆ. ಕೇಳಲೇಬೇಕು.

'ಮುಗೀತಲ್ಲಪ್ಪ.
ಸತ್ತವರಿಗೂ ಬೀಗ ಹಾಕಿದಿರಿ ನೀವು,
ಶಿಲುಬೆ ಕಾಣುತ್ತೆ, ಅರ್ಧ ಹೆಸರು ಕಾಣುತ್ತೆ,
ಮಿಕ್ಕಿದ್ದು ಮಂಜು.
ಯಾರು ಅಂತ ತಿಳಿಯೋಕೆ ಕಾಸು ಕೊಟ್ಟೆ.
ಮೊದಲೆಲ್ಲ ಬ್ರೆಡ್ಡಿನಂಗಡಿ ಗಾಜಿಗೆ ಅಂಟಿಸೋರು, ಪುಕ್ಕಟೆ.
ಮೀನು ಕೊಯ್ಯೋ ಕಾರ್ಖಾನೆಯಲ್ಲಿ
ಇಪ್ಪತ್ಮೂರು ಹೆಂಗಸರ ಸಾಲು ನಮ್ಮದು.
ಒಬ್ಬೊಬ್ಬರಾಗಿ ಎಲ್ಲರೂ ಬಂದರು ನಿಮ್ಮ ಪತ್ರಿಕೆಯಲ್ಲಿ.
ಗುರುವಾರ ಆಸ್ಲೌಗ್ ಬಂದಳು.
ಇನ್ನು ನನಗೆ ಓದೋಕೆ ಯಾರೂ ಇಲ್ಲ.'

ಪಟ್ಟಿಯನ್ನು ಮೇಲೆ ಕೆಳಗೆ ಎಳೆದೆ.
ಪುರುಸೊತ್ತಿಲ್ಲ ಎಂಬುದರ ಮೇಲೆ
ಬಾಣ ಸುಮ್ಮನೆ ನಿಂತುಕೊಂಡಿತು.
ಬಾಯಿ ಮಾತ್ರ ಕಲಿತದ್ದನ್ನೇ ಹೇಳಿತು:
ಮೂರು ತಿಂಗಳು, ಅರ್ಧ ಬೆಲೆ.

ನಕ್ಕಳು. ಕೆಮ್ಮಿನಲ್ಲಿ ಸಿಕ್ಕಿಕೊಂಡ ನಗು.
'ನನ್ನದು ಬಂದಾಗ ಅದಕ್ಕೂ ಬೀಗವೋ?'
ಇಲ್ಲ ಎನ್ನುವ ಅಧಿಕಾರ ನನಗಿಲ್ಲ.
ಬಟ್ಟಲಿಗೆ ಚಮಚ ತಾಗಿದ ಸದ್ದು.
ಆಮೇಲೆ, 'ತಡಿ ತಡಿ,
ರೈದುನ್ ಇದ್ದಾಳಲ್ಲ!
ಪ್ಯಾಕಿಂಗಿನವಳು, ನಮ್ಮ ಸಾಲಿನವಳಲ್ಲ, ಅದಕ್ಕೇ ಮರೆತೆ.
ತೊಂಬತ್ತನಾಲ್ಕು. ಶನಿವಾರ ಎರಡೆರಡು ವಾಫಲ್, ಜಾಮು ಸಮೇತ.
ಅರವತ್ತೊಂದರಲ್ಲಿ ನನ್ನ ಉಣ್ಣೆ ಕೈಗವಸು ಕದ್ದಳು,
ಇವತ್ತಿಗೂ ಒಪ್ಪಿಕೊಂಡಿಲ್ಲ.
ಅವಳ ಬಗ್ಗೆ ಏನೇನು ಒಳ್ಳೇದು ಬರೀತಾರೋ ನೋಡಬೇಕು.
ಎಷ್ಟು ತಿಂಗಳು ಅಂದೆ?'

ಮೂರು.

'ಆರು ಮಾಡು. ಅವಳದು ಗಟ್ಟಿ ಜೀವ.'

ಆರು ಮಾಡಲು ಅನುಮತಿಯಿಲ್ಲ. ಮಾಡಿದೆ.
ಪರದೆ ಹಸಿರಾಯಿತು: ಗ್ರಾಹಕರನ್ನು ಉಳಿಸಲಾಗಿದೆ.
ಆಗ ಮೇಜಿನ ಮೇಲಿನ ಗಂಟೆ ಬಾರಿಸಬೇಕು, ಅದು ಇಲ್ಲಿನ ಪದ್ಧತಿ,
ಸುತ್ತಲಿನವರು ತಲೆಯೆತ್ತದೆ ಚಪ್ಪಾಳೆ ತಟ್ಟುತ್ತಾರೆ.
ನಾನು ಗಂಟೆಯ ಮೇಲೆ ಅಂಗೈ ಮುಚ್ಚಿ ಕೂತೆ.

ಪಾಳಿ ಮುಗಿದ ಮೇಲೆ ಎಡ್ವಿನ್ನನ್ನು ಹುಡುಕಿದೆ.
ಸಿಬ್ಬಂದಿಗೆ ಎಲ್ಲ ಬೀಗವೂ ಉಚಿತ.
ಹುಟ್ಟು, ಸಾವು, ದೋಣಿಯ ಎಂಜಿನ್ ರಿಪೇರಿ,
ಹೂವಿನ ಬದಲು ಜೀವರಕ್ಷಕ ದೋಣಿಗೆ ಹಣ ಕೊಡಿ ಎಂಬ ವಿನಂತಿ.
ಕೊನೆಯ ಸಾಲು:
ತಂಗಿಯನ್ನೂ, ಅವಳ ಇಬ್ಬರು ಮಕ್ಕಳನ್ನೂ,
ಇತರೆಯವರನ್ನೂ ಅಗಲಿದ್ದಾರೆ.