ಅಳಿಸುವುದಕ್ಕೂ ಅಷ್ಟೇ ಕೂಲಿ

ಪಾಳೆಯದ ಕಣಜದ ಬಾಗಿಲ ಮೇಲೆ
ಹೋದ ಚಳಿಗಾಲ ನಾನೇ ಕೆತ್ತಿದ್ದ ಹೆಸರು.
ಇವತ್ತು ನಾನೇ ಏಣಿ ಹಾಕಿದ್ದೇನೆ.
ಕೆಳಗೆ ಶತಾಧಿಪತಿ ಔಫಿದಿಯಸ್, ಮೂಗು ಸೋರುತ್ತಿದೆ ಪಾಪ,
ಬ್ರಿಟಾನಿಯದ ಮಂಜು ಹನ್ನೆರಡು ವರ್ಷವಾದರೂ ಅವನಿಗೆ ಒಗ್ಗಿಲ್ಲ.
"ಎರಡನೇ ಸಾಲು ಪೂರಾ, ಮೂರನೆಯದರಲ್ಲಿ ಅರ್ಧ.
ಸಂಜೆಯೊಳಗೆ. ಅಂಥವನೊಬ್ಬ ಇರಲೇ ಇಲ್ಲ, ತಿಳಿಯಿತೆ?"
ತಿಳಿಯಿತು ಎಂದೆ.
ಇರದವನಿಗೆ ಇಷ್ಟೊಂದು ಅಕ್ಷರ ಯಾಕೆ ಬೇಕಿತ್ತೋ,
ಅದು ತಿಳಿಯಲಿಲ್ಲ.

ರೋಮಾಪುರಿ ನಾನು ಕಂಡವನಲ್ಲ.
ಈಸ್ಕಾಕ್ಕೆ ಸುದ್ದಿ ಬರುವುದು ಹಡಗಿನಲ್ಲಿ,
ಎಣ್ಣೆಯ ಗಡಿಗೆ, ಮೀನುಸಾರಿನ ಜಾಡಿಗಳ ನಡುವೆ,
ಅರ್ಧ ಹಳಸಿ.
ಯಾರನ್ನೋ ಸ್ನಾನದ ಮನೆಯಲ್ಲಿ ಇರಿದರಂತೆ,
ಯಾರೋ ದಂಡಿಗೆ ದುಡ್ಡು ಹಂಚಿ ಗೆದ್ದರಂತೆ.
ಅಲ್ಲಿ ಅರಮನೆಗೆ ಜ್ವರ,
ಇಲ್ಲಿ ಕಲ್ಲಿಗೆ ಬರೆ.

ನನಗೆ ಓದು ಬಾರದು.
ಗುಮಾಸ್ತ ಹಲಗೆಯ ಮೇಲೆ ಬರೆದುಕೊಟ್ಟದ್ದನ್ನು
ರೂಪ ನೋಡಿ ಕೆತ್ತುತ್ತೇನೆ:
ಒಂದು ಡೇರೆ, ಒಂದು ನೊಗ, ಎರಡು ಗೂಟ,
ಬಾಲ ಇಳಿಬಿಟ್ಟ ಒಂದು ದುಂಡನೆಯದು.
ಆಮೇಲೆ ಮಳೆಯಲ್ಲೂ ಕಾಣಲೆಂದು ಕಾವಿ ತುಂಬುತ್ತೇನೆ.
ಅಕ್ಷರಕ್ಕಿಷ್ಟು ಎಂದು ಕೂಲಿ.
ಅಳಿಸುವುದಕ್ಕೂ ಅಷ್ಟೇ ಕೂಲಿ; ಅದನ್ನು ಜಗಳವಾಡಿ
ಗಿಟ್ಟಿಸಿದವಳು ನನ್ನ ಹೆಂಡತಿ ವಿವೆನ್ನ.
"ಕಟ್ಟುವವನಿಗಿಂತ ಕೆಡವುವವನ ಕಣ್ಣಿಗೇ ಧೂಳು ಹೆಚ್ಚು" ಎಂದು
ಗುಮಾಸ್ತನ ಮೇಜಿನ ಮುಂದೆ ಕೂತೇಬಿಟ್ಟಿದ್ದಳು,
ಮಡಿಲಲ್ಲಿ ಕೋಳಿ ಇಟ್ಟುಕೊಂಡು.

ಉಳಿ ಇಡುತ್ತೇನೆ. ಟಕ್.
ಕಾವಿಯ ಪುಡಿ ಅಂಗೈಗೆ, ಹುಬ್ಬಿಗೆ, ಬಾಯಿಗೆ.
ಸಾಮ್ರಾಟನ ರುಚಿ ಇಷ್ಟೇ,
ತುಸು ಕಬ್ಬಿಣ, ತುಸು ಮಣ್ಣು.
ಕೆಳಗೆ ರೊಟ್ಟಿ ಬೇಯುವ ವಾಸನೆ. ಕವಾಯತಿನ ಹುಡುಗರು
ಮರದ ಕತ್ತಿಯಲ್ಲಿ ಕಂಬಕ್ಕೆ ಹೊಡೆಯುತ್ತಾ
ಹೊಸ ಹೆಸರಿಗೆ ಜಯಕಾರ ಕಲಿಯುತ್ತಿದ್ದಾರೆ.
ನಡುವೆ ಒಬ್ಬ ಹಳೆಯದನ್ನೇ ಕೂಗಿ ಪೆಟ್ಟು ತಿಂದ.

ಸಾಲಿನ ಕೊನೆಗೆ ಒಂದು ಗುಬ್ಬಚ್ಚಿಯಿದೆ,
ಹೆಬ್ಬೆರಳ ಉಗುರಿನಷ್ಟು.
ಅದು ಯಾರೂ ಹೇಳಿ ಕೆತ್ತಿದ್ದಲ್ಲ.
ಉತ್ತರದ ಗೋಡೆಗೆ ಕಲ್ಲು ಹೊರಲು ಹೋದ ನಮ್ಮ ಲೋಸ್ಸಿಯೊ
ಬರಲಿಲ್ಲ. ಜ್ವರವೋ ಬಾಣವೋ,
ಹೇಳುವುದಕ್ಕೂ ಯಾರೂ ಬರಲಿಲ್ಲ.
ಚಿಕ್ಕವನಿದ್ದಾಗ ನನ್ನ ಕಲ್ಲುರಾಶಿಯ ಮೇಲೆ
ಹೀಗೇ ಕೂರುತ್ತಿದ್ದ, ಕಾಲು ಮಡಿಸಿ, ತಲೆ ಓರೆಮಾಡಿ.
ಔಫಿದಿಯಸ್ ಕತ್ತೆತ್ತಿದ. "ಅದೇನದು?"
"ಚುಕ್ಕೆ ಸ್ವಾಮಿ, ಸಾಲು ಮುಗಿದದ್ದಕ್ಕೆ."
ಮೂಗೊರೆಸಿಕೊಂಡು ಸುಮ್ಮನಾದ.
ಆಜ್ಞೆಯಲ್ಲಿ ಹಕ್ಕಿಯ ಮಾತಿರಲಿಲ್ಲ.

ಸಂಜೆಗೆ ಕಲ್ಲಿನಲ್ಲೊಂದು ಗುಳಿ, ಬೋಗುಣಿಯ ಹಾಗೆ.
ಹೆಸರಿದ್ದಾಗ ಯಾರೂ ತಲೆಯೆತ್ತಿ ನೋಡಿರಲಿಲ್ಲ,
ಈಗ ಮೂಟೆ ಹೊತ್ತವರೂ ನಿಂತು ನೋಡುತ್ತಾರೆ,
ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ.
ನಾಳೆ ಆ ಗುಳಿಯೊಳಗೆ ಹೊಸಬನನ್ನು ಕೆತ್ತಬೇಕು.
ಅವನು ನೆರಳಲ್ಲೇ ಇರಬೇಕಾದೀತು.
ಕಲ್ಲು ಇನ್ನೆಷ್ಟು ದಪ್ಪವಿದೆ ಎಂದು ಬೆರಳಲ್ಲಿ ಅಳೆದೆ:
ಇನ್ನೂ ನಾಲ್ಕು ಜನಕ್ಕೆ ಸಾಕು.

ಕೂಲಿ ಎಣಿಸಿಕೊಟ್ಟರು.
ಬೆಳ್ಳಿಯದೊಂದು, ತಾಮ್ರದವು ಏಳು.
ಎಲ್ಲದರ ಮೇಲೂ ಅದೇ ಮೂಗು, ಅದೇ ಗದ್ದ,
ಇರಲೇ ಇಲ್ಲದವನದು.
ಔಫಿದಿಯಸ್ ನನ್ನ ಮುಖ ನೋಡಿದ, ನಾನು ಅವನದು.
ಇಬ್ಬರೂ ಏನೂ ಅನ್ನಲಿಲ್ಲ.

ಉಸ್ಕ್ ಹೊಳೆಯ ದಂಡೆಯಲ್ಲಿ ಚಿಪ್ಪುಮೀನಿನವಳು
ನಾಣ್ಯ ಕಚ್ಚಿ ನೋಡಿ, ಸೊಂಟಕ್ಕೆ ಸಿಕ್ಕಿಸಿ,
"ಎರಡು ಹೆಚ್ಚಿಗೆ ಹಾಕಿದೀನಿ,
ವಿವೆನ್ನಗೆ ಹೇಳು" ಎಂದಳು.